ಮೊಸರು ಕಡೆಯುವ ಹದ: ಹಟ್ಟಿಯ ಹಾಲಿನಿಂದ ಮನೆಯ ಬೆಣ್ಣೆಗೆ

ಬೆಣ್ಣೆ ಬರಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಕಡೆಗೋಲನ್ನು ಬೈಯುತ್ತಾರೆ, ಇಲ್ಲವೇ ಕಡೆದವರ ಕೈಯನ್ನು. ನಿಜವಾದ ಕಾರಣ ಹತ್ತರಲ್ಲಿ ಎಂಟು ಸಲ ಬೇರೆಯೇ ಇರುತ್ತದೆ. ಮೊಸರು ಎಷ್ಟು ತಂಪಾಗಿದೆ, ಎಷ್ಟು ಹುಳಿ ಬಂದಿದೆ, ಎಷ್ಟು ಗಟ್ಟಿ ಇದೆ, ಈ ಮೂರು ಸರಿಯಿದ್ದರೆ ಹತ್ತು ವರ್ಷದ ಮಗು ಕಡೆದರೂ ಬೆಣ್ಣೆ ಬರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಜಟ್ಟಿ ಕಡೆದರೂ ನೊರೆಯೇ ಗತಿ. ಆದ್ದರಿಂದ ಇವತ್ತು ಕಡೆಯುವುದಕ್ಕಿಂತ ಕಡೆಯುವ ಮುಂಚಿನ ಕೆಲಸದ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ಮೊದಲು ಮಡಕೆಯೊಳಗೆ ಏನಾಗುತ್ತದೆ ನೋಡೋಣ. ಹಾಲಿನ ಜಿಡ್ಡು ಕಣ್ಣಿಗೆ ಕಾಣದ ಗುಂಡುಗಳಾಗಿ ತೇಲಿಕೊಂಡಿರುತ್ತದೆ. ಹಸುವಿನ ಹಾಲಿನಲ್ಲಿ ಒಂದೊಂದು ಗುಂಡಿನ ಅಗಲ ಸರಾಸರಿ 3ರಿಂದ 4 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಎಮ್ಮೆ ಹಾಲಿನಲ್ಲಿ 5ರ ಹತ್ತಿರ. ಪ್ರತಿ ಗುಂಡಿಗೂ ತೆಳುವಾದ ಪೊರೆ ಇರುವುದರಿಂದ ಒಂದಕ್ಕೊಂದು ಅಂಟುವುದಿಲ್ಲ. ಕಡೆದಾಗ ಗಾಳಿ ಸೇರಿ ನೊರೆ ಏಳುತ್ತದೆ, ಗುಂಡುಗಳು ಗಾಳಿಗುಳ್ಳೆಗಳ ಅಂಚಿಗೆ ಬಂದು ಕೂರುತ್ತವೆ, ಪೊರೆ ಹರಿಯುತ್ತದೆ, ಒಳಗಿನ ಜಿಡ್ಡು ಪಕ್ಕದ ಗುಂಡಿಗೆ ಹತ್ತಿಕೊಳ್ಳುತ್ತದೆ. ಇದಾಗಬೇಕಾದರೆ ಜಿಡ್ಡು ಅರ್ಧ ಗಟ್ಟಿ, ಅರ್ಧ ದ್ರವ ಇರಬೇಕು. ಪೂರ್ತಿ ಗಟ್ಟಿಯಾದರೆ ಗುಂಡುಗಳು ಡಿಕ್ಕಿ ಹೊಡೆದು ದೂರ ಸರಿಯುತ್ತವೆ, ಅಂಟುವುದಿಲ್ಲ. ಪೂರ್ತಿ ಕರಗಿದ್ದರೆ ಅಂಟುವ ಬದಲು ಇನ್ನೂ ಸಣ್ಣ ಹನಿಗಳಾಗಿ ಒಡೆದು ಮಜ್ಜಿಗೆಯಲ್ಲೇ ಉಳಿದುಹೋಗುತ್ತವೆ. ತಂಪಿನ ಹದ ಎಂದು ನಾನು ಮತ್ತೆ ಮತ್ತೆ ಹೇಳುವುದು ಈ ಅರ್ಧಂಬರ್ಧ ಸ್ಥಿತಿಯನ್ನೇ.

ಈಗ ಹಾಲಿಗೆ ಬರೋಣ. ಕರೆದ ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿ ತಡಮಾಡದೆ ಒಲೆಗೆ ಇಡಿ. ಉಕ್ಕು ಬಂದ ಮೇಲೆ ಸಣ್ಣ ಉರಿಯಲ್ಲಿ ಇನ್ನೂ ಹತ್ತು-ಹದಿನೈದು ನಿಮಿಷ ಬಿಡಿ. ಹಿಂದಿನವರು ಬೆರಣಿಯ ಕೆಂಡದ ಮೇಲೆ ಗಂಟೆಗಟ್ಟಲೆ ಇಡುತ್ತಿದ್ದರು, ಕೆನೆ ಕೆಂಪಗೆ ಕಟ್ಟುತ್ತಿತ್ತು. ಅದರಿಂದ ಪರಿಮಳ ಬರುವುದು ಒಂದು ಲಾಭ. ಹಸಿ ಹಾಲಿನಲ್ಲಿ ಜಿಡ್ಡನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇರುತ್ತದೆ, ಚೆನ್ನಾಗಿ ಕಾಸಿದರೆ ಅದು ಸತ್ತುಹೋಗುತ್ತದೆ ಎಂಬುದು ಇನ್ನೂ ದೊಡ್ಡ ಲಾಭ. ಹಸಿ ಹಾಲಿನ ಬೆಣ್ಣೆ ಎರಡೇ ದಿನಕ್ಕೆ ಕಮಟಾಗುವುದಕ್ಕೆ ಈ ಕಿಣ್ವವೇ ಮುಖ್ಯ ಕಾರಣ.

ಯಾವ ಹಾಲು ಬೇಡ ಎಂಬುದನ್ನೂ ಹೇಳಿಬಿಡುತ್ತೇನೆ. ಕರು ಹಾಕಿದ ಮೊದಲ ಐದು ದಿನದ ಗಿಣ್ಣುಹಾಲು ಇದಕ್ಕಲ್ಲ. ಕೆಚ್ಚಲು ಬಾವು ಬಂದ ಹಸುವಿನ ಹಾಲು ಬೇಡವೇ ಬೇಡ. ಆ್ಯಂಟಿಬಯಾಟಿಕ್ ಚುಚ್ಚಿಸಿದ್ದರೆ, ಔಷಧದ ಚೀಟಿಯಲ್ಲಿ ಬರೆದಷ್ಟು ದಿನ ಆ ಹಾಲನ್ನು ಹೊರಗಿಡಿ. ಆರೋಗ್ಯದ ಮಾತು ಹಾಗಿರಲಿ, ಅದರಲ್ಲಿ ಹೆಪ್ಪೇ ಹಿಡಿಯುವುದಿಲ್ಲ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳನ್ನೂ ಔಷಧ ಕೊಲ್ಲುತ್ತದೆ. “ಯಾಕೋ ಮೊಸರು ಲೋಳೆಲೋಳೆ, ಹಾಲಿನಂತೆಯೇ ಇದೆ” ಎಂದು ಯಾರಾದರೂ ಹೇಳಿದರೆ ಮೊದಲು ಹಟ್ಟಿಯಲ್ಲಿ ಯಾವ ಹಸುವಿಗೆ ಏನು ಚುಚ್ಚಿಸಿದ್ದೀರಿ ಎಂದು ಕೇಳಬೇಕು. ಇನ್ನೊಂದು, ಗಬ್ಬವಾಗಿ ಹಾಲು ಬತ್ತುವ ಹೊತ್ತಿಗೆ ಬಂದ ಹಸುವಿನ ಹಾಲಿನಲ್ಲಿ ಜಿಡ್ಡಿನ ಗುಂಡುಗಳು ತೀರ ಸಣ್ಣಗಾಗುತ್ತವೆ. ಎಷ್ಟು ಕಡೆದರೂ ಬೆಣ್ಣೆ ತಡ. ಅದನ್ನೊಂದನ್ನೇ ಕಡೆಯಬೇಡಿ, ಈಚೆಗೆ ಕರು ಹಾಕಿದ ಹಸುವಿನ ಹಾಲಿನೊಡನೆ ಬೆರೆಸಿ ಹೆಪ್ಪು ಹಾಕಿ.

ಹೆಪ್ಪಿನ ಪ್ರಮಾಣ ಲೀಟರಿಗೆ ಒಂದು ಸಣ್ಣ ಚಮಚ. ಚಳಿಯಲ್ಲಿ ಎರಡು, ಕಡುಬೇಸಿಗೆಯಲ್ಲಿ ಅರ್ಧ. ಹಾಲಿನ ಬಿಸಿ ಚಳಿಗಾಲಕ್ಕೆ 35ರಿಂದ 37 ಡಿಗ್ರಿ, ಅಂದರೆ ಬೆರಳಿಗೆ ಉಗುರುಬೆಚ್ಚಗೆ. ಬೇಸಿಗೆಯಲ್ಲಿ 30 ಡಿಗ್ರಿ ಸಾಕು. ಹೋಟೆಲಿನ ಗಟ್ಟಿ ಮೊಸರಿನ ಆಸೆಗೆ ತುಂಬ ಬಿಸಿಯಲ್ಲಿ ಹೆಪ್ಪು ಹಾಕಿದರೆ ಹುಳಿ ಬೇಗ ಏರುತ್ತದೆ, ಬೆಣ್ಣೆಯ ಪರಿಮಳ ಏರುವುದಿಲ್ಲ. ಬೆಣ್ಣೆಗೆ ಅದರ ವಾಸನೆ ಕೊಡುವ ಡೈಅಸಿಟೈಲ್ ಎಂಬ ವಸ್ತುವನ್ನು ತಯಾರಿಸುವ ಜೀವಿಗಳಿಗೆ 25-30 ಡಿಗ್ರಿಯೇ ಹಿತ, ನಿಧಾನವೇ ಹಿತ. ರಾತ್ರಿ ಹಾಕಿದ ಹೆಪ್ಪು ಬೇಸಿಗೆಯಲ್ಲಿ ಆರೇಳು ಗಂಟೆಗೆ, ಚಳಿಯಲ್ಲಿ ಹತ್ತು-ಹನ್ನೆರಡು ಗಂಟೆಗೆ ಹಿಡಿಯುತ್ತದೆ. ಹಾಲು ಆರುವಾಗ ಮೇಲೆ ಕಟ್ಟಿದ ಕೆನೆಯನ್ನು ತೆಗೆದಿಡಬೇಡಿ. ಕೈಯಲ್ಲಿ ಹರಿದು ಹಾಲಿಗೇ ಬೆರೆಸಿ. ದಪ್ಪ ಪದರವಾಗಿ ಉಳಿದ ಕೆನೆ ಕಡೆಯುವಾಗ ಚೂರುಚೂರಾಗಿ ತೇಲುತ್ತದೆ, ಬೆಣ್ಣೆ ಬಂತು ಎಂದು ಮೋಸ ಮಾಡುತ್ತದೆ.

ಇಲ್ಲಿ ಎರಡು ದಾರಿಗಳಿವೆ. ಇಡೀ ಮೊಸರನ್ನು ಕಡೆಯುವುದು ಒಂದು, ಕೆನೆಯನ್ನಷ್ಟೇ ಕೂಡಿಹಾಕಿ ಕಡೆಯುವುದು ಇನ್ನೊಂದು. ದಿನಕ್ಕೆ ಐದು ಲೀಟರಿಗಿಂತ ಹೆಚ್ಚು ಹಾಲು ಇದ್ದು, ಮಜ್ಜಿಗೆ ಕುಡಿಯುವ ಜನ ಮನೆಯಲ್ಲಿ ಇದ್ದರೆ ಮೊದಲನೆಯದು ಸರಿ. ಒಂದೆರಡು ಲೀಟರಿನ ಮನೆಗೆ ಎರಡನೆಯದೇ ಒಳ್ಳೆಯದು. ಆದರೆ ಕೆನೆ ಕೂಡಿಹಾಕುವವರಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಸಿಹಿ ಕೆನೆಯನ್ನು ಹತ್ತು-ಹದಿನೈದು ದಿನ ಫ್ರಿಜ್ಜಿನಲ್ಲಿ ಹಾಗೇ ಬಿಟ್ಟು, ಆಮೇಲೆ ಬೆಣ್ಣೆ ಕಹಿ ಎನ್ನುತ್ತಾರೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಸೂಕ್ಷ್ಮಜೀವಿಗಳಿವೆ. ಹುಳಿಯಿಲ್ಲದ ಕೆನೆ ಸಿಕ್ಕರೆ ಅವುಗಳಿಗೆ ತಡೆಯೇ ಇಲ್ಲ. ಮೊದಲ ದಿನದ ಕೆನೆಗೇ ಒಂದು ಚಮಚ ಹೆಪ್ಪು ಕಲಸಿ, ಐದಾರು ಗಂಟೆ ಹೊರಗಿಟ್ಟು, ಹುಳಿ ಹಿಡಿದ ಮೇಲೆ ಒಳಗಿಡಿ. ಮರುದಿನದಿಂದ ಆರಿದ ಕೆನೆಯನ್ನು ಅದಕ್ಕೇ ಸೇರಿಸಿ ಪ್ರತಿ ಸಲ ಕಲಕಿ. ಐದಾರು ದಿನ ಸಾಕು, ವಾರ ದಾಟಿಸಬೇಡಿ. ಕಡೆಯುವ ಹಿಂದಿನ ರಾತ್ರಿ ಹೊರಗಿಟ್ಟು ಒಂದೇ ಸಮ ಹುಳಿ ಬರಿಸಿ, ಬೆಳಿಗ್ಗೆ ಮತ್ತೆ ತಂಪು ಮಾಡಿಕೊಳ್ಳಿ. ಇಡೀ ಮೊಸರನ್ನು ಕೂಡಿಹಾಕುವವರು ಎರಡು ದಿನ, ಚಳಿಯಲ್ಲಿ ಮೂರು ದಿನಕ್ಕೆ ನಿಲ್ಲಿಸಿ. ಮೊಸರಿನ ಮೇಲೆ ಗುಳ್ಳೆ ಎದ್ದು ಹೆಂಡದ ವಾಸನೆ ಬಂದರೆ ಈಸ್ಟ್ ಸೇರಿಕೊಂಡಿದೆ ಎಂದರ್ಥ. ಆ ಪಾತ್ರೆಯನ್ನೂ ಹೆಪ್ಪನ್ನೂ ಬದಲಿಸದೆ ಮುಂದಿನ ಸಲ ಸರಿಹೋಗುವುದಿಲ್ಲ.

ಸಾಮಾನುಗಳ ಬಗ್ಗೆ ಸ್ವಲ್ಪ. ಹೊಟ್ಟೆ ದಪ್ಪ, ಬಾಯಿ ಕಿರಿದಾದ ಮಣ್ಣಿನ ಗಡಿಗೆ ಕಡೆಯುವುದಕ್ಕೆ ಒಳ್ಳೆಯದು. ಎಗರಿದ ಮೊಸರು ಹೊರಗೆ ಚೆಲ್ಲುವುದಿಲ್ಲ, ಹೊರಮೈ ಒಸರಿ ಆರುವುದರಿಂದ ಒಳಗೆ ತಂಪು. ಅದರ ತೊಂದರೆಯೂ ಅದೇ ಗುಣದಲ್ಲಿದೆ. ಒಸರುವ ಗಡಿಗೆ ಜಿಡ್ಡನ್ನು ಹೀರಿ ಇಟ್ಟುಕೊಂಡು ಹಳಸಲು ವಾಸನೆ ಹಿಡಿಯುತ್ತದೆ. ದಿನವೂ ಕುದಿನೀರು ಹೊಯ್ದು, ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಲ್ಲಿ ಬೋರಲು ಹಾಕದಿದ್ದರೆ ಗಡಿಗೆಯ ಗೋಜೇ ಬೇಡ, ಸ್ಟೀಲ್ ಪಾತ್ರೆಯೇ ವಾಸಿ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಮಾತ್ರ ಕೂಡದು. ಹುಳಿ ಮೊಸರಿಗೆ ತಾಮ್ರ ಕರಗುತ್ತದೆ, ಆ ಚೂರು ತಾಮ್ರವೇ ಬೆಣ್ಣೆಯನ್ನು ಬೇಗ ಕೆಡಿಸುತ್ತದೆ. ಗಡಿಗೆಯ ಕೆಳಗೆ ಹುಲ್ಲಿನ ಸಿಂಬಿ ಇರಲಿ. ಕಡೆಗೋಲಿನ ತಲೆ ಗಡಿಗೆಯ ತಳ ಮುಟ್ಟಬಾರದು, ಎರಡು ಬೆರಳು ಮೇಲಿರಬೇಕು. ಕೋಲನ್ನು ಕಂಬಕ್ಕೆ ಮೇಲೊಂದು ಕೆಳಗೊಂದು ಕುಣಿಕೆಯಲ್ಲಿ ಸಿಕ್ಕಿಸಿ, ನಡುವೆ ಹಗ್ಗವನ್ನು ಎರಡು-ಮೂರು ಸುತ್ತು ಸುತ್ತುತ್ತಾರಲ್ಲ, ಆ ಕುಣಿಕೆ ಸಡಿಲವಾದರೆ ಕೋಲು ಓಲಾಡಿ ಗಡಿಗೆ ಒಡೆಯುತ್ತದೆ, ಬಿಗಿಯಾದರೆ ಹಗ್ಗ ಸವೆಯುತ್ತದೆ. ಹೊಸ ಕೋಲನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಿ. ಹಲಸಿನಂಥ ಮರ ಹಳದಿ ಬಣ್ಣ ಬಿಡುತ್ತದೆ.

ಉಡುಪಿಯ ಕೃಷ್ಣನ ಕೈಯಲ್ಲಿ ಇರುವುದು ಕಡೆಗೋಲು ಮತ್ತು ಹಗ್ಗ, ನಿಮಗೆಲ್ಲ ಗೊತ್ತು. ಆ ಹಗ್ಗಕ್ಕೆ ಯಂತ್ರವಿದ್ಯೆಯ ದೃಷ್ಟಿಯಿಂದಲೂ ಒಂದು ನಮಸ್ಕಾರ ಹಾಕಬೇಕು. ಬಲಗೈ ಎಳೆದಾಗ ಕೋಲು ಒಂದು ಕಡೆಗೆ, ಎಡಗೈ ಎಳೆದಾಗ ಇನ್ನೊಂದು ಕಡೆಗೆ ತಿರುಗುತ್ತದೆ. ಒಂದೇ ಕಡೆಗೆ ತಿರುಗಿದರೆ ಸ್ವಲ್ಪ ಹೊತ್ತಿಗೆ ಮೊಸರೂ ಕೋಲಿನ ಜೊತೆಗೇ ಸುತ್ತತೊಡಗುತ್ತದೆ, ತಿಕ್ಕಾಟವೇ ಇಲ್ಲವಾಗುತ್ತದೆ. ದಿಕ್ಕು ಬದಲಾಗುತ್ತಲೇ ಇದ್ದರೆ ಆ ಸುಳಿ ಕಟ್ಟುವುದಿಲ್ಲ. ಈಗ ಮಾರುವ ಮೋಟಾರಿನ ಕಡೆಗೋಲುಗಳಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗುತ್ತವೆ. ಅಂಥದ್ದು ನಿಮ್ಮಲ್ಲಿದ್ದರೆ ಕೋಲನ್ನು ಪಾತ್ರೆಯ ನಡುಮಧ್ಯಕ್ಕೆ ಇಡಬೇಡಿ, ಒಂದು ಪಕ್ಕಕ್ಕೆ ಸರಿಸಿ ಇಡಿ. ಸುಳಿ ಮುರಿಯುತ್ತದೆ, ಬೆಣ್ಣೆ ಬೇಗ ಬರುತ್ತದೆ.

ಇನ್ನು ತಂಪು. ಇಡೀ ಮೊಸರು ಕಡೆಯುವುದಾದರೆ 18ರಿಂದ 22 ಡಿಗ್ರಿ, ಕೆನೆಯಾದರೆ 12ರಿಂದ 16. ಎಮ್ಮೆಯ ಜಿಡ್ಡು ಹಸುವಿನದಕ್ಕಿಂತ ಗಟ್ಟಿ, ಅದಕ್ಕೆ ಒಂದೆರಡು ಡಿಗ್ರಿ ಹೆಚ್ಚಿದ್ದರೂ ನಡೆಯುತ್ತದೆ. ಹತ್ತಿಬೀಜ ಹೆಚ್ಚು ತಿಂದ ಹಸುವಿನ ಬೆಣ್ಣೆಯೂ ಗಟ್ಟಿ, ಮಳೆಗಾಲದ ಹಸಿಹುಲ್ಲಿನ ಬೆಣ್ಣೆ ಮೆದು ಮತ್ತು ಹಳದಿ. ಅಡುಗೆಗೆ ಬಳಸುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ನಾಲ್ಕು ಕಾಲಕ್ಕೂ ನಾಲ್ಕಾರು ಸಲ ಅಳೆದರೆ ಆಮೇಲೆ ಬೆರಳೇ ಹೇಳುತ್ತದೆ. ಬೆಳಗಿನ ಜಾವ ಕಡೆಯಬೇಕು ಎಂಬ ಪದ್ಧತಿಯ ಹಿಂದಿರುವುದೂ ಇದೇ, ದಿನದಲ್ಲಿ ಅತಿ ತಂಪಾದ ಹೊತ್ತು ಅದು. ಚಿಕ್ಕಮಗಳೂರು, ಕೊಡಗಿನ ಡಿಸೆಂಬರಿನಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಬೆಳಗಿನ ಜಾವಕ್ಕೆ ಮೊಸರು ಕಲ್ಲಾಗಿರುತ್ತದೆ, ಬೆಚ್ಚಗಿನ ನೀರು ಬೆರೆಸದೆ ಗತಿಯಿಲ್ಲ. ಕರಾವಳಿಯವರಿಗೆ ಒಂದು ಎಚ್ಚರಿಕೆ: ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯಿಂದ ಆಗ ತಾನೇ ಸೇದಿದ ನೀರು ಕೈಗೆ ತಣ್ಣಗೆ ಅನ್ನಿಸಿದರೂ ಅದು 26-27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ಬೆರೆಸಿದರೆ ಹದ ಬರುವುದಿಲ್ಲ. ರಾತ್ರಿಯೇ ಮಣ್ಣಿನ ಹೂಜಿಯಲ್ಲಿ ಇಟ್ಟ ನೀರು ಸ್ವಲ್ಪ ವಾಸಿ, ಐಸ್ ಹಾಕಿದ ನೀರು ನಿಶ್ಚಿತ.

ಕಡೆಯುವ ಕ್ರಮ ಹೀಗೆ. ಗಡಿಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೊದಲು ನೀರು ಹಾಕದೆ ಒಂದೆರಡು ನಿಮಿಷ ಕಡೆದು ಮೊಸರನ್ನು ನುಣುಪು ಮಾಡಿ. ಆಮೇಲೆ ಮೊಸರಿನ ಮೂರರಲ್ಲೊಂದು ಪಾಲು ನೀರು, ಎಮ್ಮೆಯ ಗಟ್ಟಿ ಮೊಸರಾದರೆ ಅರ್ಧದವರೆಗೂ ಹಾಕಬಹುದು. ಒಂದೇ ಸಮನೆ ಎಳೆಯಿರಿ. ಮೊದಲು ಸಡಿಲ ನೊರೆ, ಆಮೇಲೆ ಬಿಗಿ ನೊರೆ, ಗಡಿಗೆ ತುಂಬಿದಂತೆ ಕಾಣುತ್ತದೆ, ಹಗ್ಗ ಭಾರವಾಗುತ್ತದೆ. ಹೊಸಬರು ನಿಲ್ಲಿಸುವುದೇ ಇಲ್ಲಿ. ಇನ್ನೈದು ನಿಮಿಷ ಎಳೆದರೆ ನೊರೆ ತಟಕ್ಕನೆ ಇಳಿಯುತ್ತದೆ. ಮಂದವಾಗಿದ್ದ ಸದ್ದು ಒಡೆದು ನೀರು ಕಲಕಿದ ಹಾಗೆ ಗಳಗಳ ಅನ್ನುತ್ತದೆ. ಕೋಲಿನ ಮೇಲೆ ಮೆತ್ತಿದ್ದ ಕೆನೆ ಜಾರಿ ಸಾಸಿವೆಗಾತ್ರದ ಕಾಳುಗಳು ಕಾಣುತ್ತವೆ. ಆಗ ವೇಗ ಇಳಿಸಿ, ಗಡಿಗೆಯ ಒಳಬದಿಗೆ ಒಂದೆರಡು ಲೋಟ ತಣ್ಣೀರು ಸುರಿಯಿರಿ, ಅಂಟಿದ್ದೆಲ್ಲ ಇಳಿಯುತ್ತದೆ. ಕಾಳು ಜೋಳದಷ್ಟಾಗುವವರೆಗೆ ಕೋಲನ್ನು ಮೆಲ್ಲಗೆ ಆಚೀಚೆ ತಿರುಗಿಸಿ, ಅಷ್ಟಕ್ಕೆ ನಿಲ್ಲಿಸಿ. ದೊಡ್ಡ ಮುದ್ದೆಯಾಗುವವರೆಗೆ ಕಡೆಯುವುದು ನೋಡಲು ಚೆಂದ, ಆದರೆ ಮುದ್ದೆಯ ಹೊಟ್ಟೆಯಲ್ಲಿ ಮಜ್ಜಿಗೆ ಸಿಕ್ಕಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ.

ಎಷ್ಟು ಹೊತ್ತು? ಸರಿಯಾದ ಹದಕ್ಕೆ 20ರಿಂದ 40 ನಿಮಿಷ. ಹತ್ತೇ ನಿಮಿಷಕ್ಕೆ ಬೆಣ್ಣೆ ಬಂದರೆ ಹಿಗ್ಗಬೇಡಿ. ಮೊಸರು ಬೆಚ್ಚಗಿತ್ತು ಎಂದರ್ಥ, ಬೆಣ್ಣೆ ಮೆತ್ತಗೆ ಜಿಗುಟಾಗಿರುತ್ತದೆ, ಮಜ್ಜಿಗೆಯಲ್ಲಿ ಬೇಕಾದಷ್ಟು ಜಿಡ್ಡು ಉಳಿದಿರುತ್ತದೆ. ಮುಕ್ಕಾಲು ಗಂಟೆ ದಾಟಿದರೂ ನೊರೆಯೇ ಇದ್ದರೆ ಸುಮ್ಮನೆ ಎಳೆಯುತ್ತಾ ಕೂರಬೇಡಿ. ಥರ್ಮಾಮೀಟರ್ ಅದ್ದಿ. ತುಂಬ ತಂಪಾಗಿದ್ದರೆ ಹತ್ತು ನಿಮಿಷ ಬಿಟ್ಟು ನೊರೆ ಇಳಿಸಿ, ಬೆಚ್ಚಗಿನ ನೀರನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿ. ಕುದಿನೀರು ಬೇಡ, ಮೊಸರು ಒಡೆದು ಅದರ ಚೂರುಗಳು ಬೆಣ್ಣೆಗೆ ಸೇರುತ್ತವೆ. ಬೆಚ್ಚಗಿದ್ದರೆ ಪಾತ್ರೆಯನ್ನು ಐಸ್ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಕೂರಿಸಿ. ಹದ ಸರಿಯಿದ್ದೂ ಬರದಿದ್ದರೆ ಎರಡನ್ನು ನೋಡಿ: ಗಡಿಗೆ ಮುಕ್ಕಾಲು ತುಂಬಿದೆಯೇ, ನೀರು ಹೆಚ್ಚಾಗಿದೆಯೇ. ಎರಡೂ ಅಲ್ಲದಿದ್ದರೆ ಅದು ಹಾಲು ಬತ್ತುತ್ತಿರುವ ಹಸುವಿನ ಸಮಸ್ಯೆ.

ಮಿಕ್ಸಿ ಬಳಸುವವರಿಗೆ ಇಷ್ಟೇ. ಜಾರಿನ ಅರ್ಧಕ್ಕೆ ಕೆನೆ, ಐಸ್ ನೀರು, ಹತ್ತು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ. ಅಲಗಿನ ತಿಕ್ಕಾಟಕ್ಕೇ ಕೆನೆ ಬಿಸಿಯಾಗುತ್ತದೆ.

ತೆಗೆಯುವ ಮುಂಚೆ ಕೈಯನ್ನು ತಣ್ಣೀರಿಗೆ ಅದ್ದಿ, ಇಲ್ಲದಿದ್ದರೆ ಬೆಣ್ಣೆ ಅಂಗೈಗೆ ಮೆತ್ತುತ್ತದೆ. ಕಾಳುಗಳನ್ನು ಬಾಚಿ ತಣ್ಣೀರಿನ ಬೋಗುಣಿಗೆ ಹಾಕಿ, ಎರಡು-ಮೂರು ನೀರು ಬದಲಿಸಿ. ಕೊನೆಯ ನೀರು ತಿಳಿಯಾಗಿರಬೇಕು. ಈ ನೀರು ಬೆಣ್ಣೆಗಿಂತ ಮೂರು-ನಾಲ್ಕು ಡಿಗ್ರಿ ತಂಪಾಗಿದ್ದರೆ ಸಾಕು. ತೀರ ಐಸ್ ನೀರಾದರೆ ಬೆಣ್ಣೆ ಪುಡಿಪುಡಿಯಾಗುತ್ತದೆ. ಅಂದೇ ರೊಟ್ಟಿಗೆ, ದೋಸೆಗೆ ತಿಂದು ಮುಗಿಸುವ ಬೆಣ್ಣೆಯನ್ನು ಒಂದೇ ಸಲ ತೊಳೆಯಿರಿ, ಹುಳಿಯ ರುಚಿ ಸ್ವಲ್ಪ ಇರಲಿ. ಇಡುವ ಬೆಣ್ಣೆಗೆ ಮಾತ್ರ ಆ ಮೋಹ ಬೇಡ, ಉಳಿದ ಮಜ್ಜಿಗೆಯೇ ಅದನ್ನು ಕೆಡಿಸುವುದು. ಆಮೇಲೆ ಅಗಲ ತಟ್ಟೆಯಲ್ಲಿ ಮರದ ಸೌಟಿನಿಂದ ಒತ್ತಿ, ಮಡಚಿ, ಮತ್ತೆ ಒತ್ತಿ. ತಟ್ಟೆ ವಾಲಿಸಿ ನೀರು ಬಸಿಯಿರಿ. ಒತ್ತಿದಾಗ ಹನಿ ಕಾಣದಿದ್ದರೆ ಆಯಿತು. ಮಾರುಕಟ್ಟೆಯ ಟೇಬಲ್ ಬೆಣ್ಣೆಯಲ್ಲಿ ನೂರಕ್ಕೆ ಕನಿಷ್ಠ 80 ಭಾಗ ಜಿಡ್ಡು ಇರಬೇಕು ಎಂಬ ನಿಯಮವಿದೆ. ಮನೆಯ ಬೆಣ್ಣೆ ಎಷ್ಟು ಹಿಂಡಿದರೂ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ, ನೀರಿನ ಪಾಲು ಹೆಚ್ಚು. ಉಪ್ಪು ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಹೇಗೂ ಕೊನೆಗೆ ತುಪ್ಪವಾಗುವಂಥದ್ದು. ಹಾಕುವುದಾದರೆ ಕಿಲೋಗೆ 10ರಿಂದ 20 ಗ್ರಾಂ ನುಣ್ಣನೆಯ ಪುಡಿಯುಪ್ಪು. ಹರಳು ಹಾಕಿದರೆ ಬೆಣ್ಣೆಯಲ್ಲಿ ಗೆರೆ ಗೆರೆ ಬಣ್ಣ ಕಾಣುತ್ತದೆ.

ಫ್ರಿಜ್ಜಿಲ್ಲದ ಮನೆಯಲ್ಲಿ ಬೆಣ್ಣೆ ಮುಳುಗುವಷ್ಟು ನೀರಿನಲ್ಲಿಟ್ಟು, ಬೆಳಿಗ್ಗೆ ಸಂಜೆ ನೀರು ಬದಲಿಸಿದರೆ ಎರಡು ಮೂರು ದಿನ ತಡೆಯುತ್ತದೆ. ಫ್ರಿಜ್ಜಿನಲ್ಲಿ ವಾರ. ಮುಚ್ಚಳ ಬಿಗಿಯಾಗಿರಲಿ, ಹಲಸಿನ ತೊಳೆಯ ಪಕ್ಕದಲ್ಲಿಟ್ಟರೆ ಮರುದಿನ ಬೆಣ್ಣೆಯೂ ಹಲಸೇ. ಅದಕ್ಕೂ ಹೆಚ್ಚು ದಿನಕ್ಕೆ ತುಪ್ಪ ಕಾಯಿಸಿ. ಪಾತ್ರೆ ದಪ್ಪ ತಳದ್ದು, ಅರ್ಧದಷ್ಟೇ ಬೆಣ್ಣೆ, ಏಕೆಂದರೆ ಉಕ್ಕುತ್ತದೆ. ಚಟಪಟ ಸದ್ದು ನಿಂತು, ನೊರೆ ಸಣ್ಣಗಾಗಿ, ತಳದ ಗಸಿ ತಿಳಿಕಂದಾದಾಗ ವೀಳ್ಯದೆಲೆಯನ್ನೋ ನಾಲ್ಕು ಎಸಳು ನುಗ್ಗೆಸೊಪ್ಪನ್ನೋ ಹಾಕಿ ಇಳಿಸಿ. ಹರಳು ಹರಳಾಗಿ ಬೇಕಿದ್ದರೆ ನಿಧಾನವಾಗಿ ಆರಲು ಬಿಡಿ.

ಲೆಕ್ಕ ಕೇಳುವವರಿಗೆ: ನೂರಕ್ಕೆ 7 ಭಾಗ ಜಿಡ್ಡಿರುವ ಎಮ್ಮೆ ಹಾಲು 5 ಲೀಟರ್ ಎಂದರೆ ಸುಮಾರು 350 ಗ್ರಾಂ ಜಿಡ್ಡು. ಮನೆಯ ಪದ್ಧತಿಯಲ್ಲಿ ನೂರಕ್ಕೆ ಹದಿನೈದು ಮಜ್ಜಿಗೆಗೆ, ಪಾತ್ರೆಗೆ ಹೋಯಿತು ಅಂದುಕೊಂಡರೆ ಕೈಗೆ 380 ಗ್ರಾಂ ಆಸುಪಾಸು ಬೆಣ್ಣೆ, ಅದರಿಂದ 280-290 ಗ್ರಾಂ ತುಪ್ಪ. 4 ಭಾಗದ ಹಸುವಿನ ಹಾಲಾದರೆ 220 ಗ್ರಾಂ ಬೆಣ್ಣೆ. ಮಾರಾಟಕ್ಕೆ ಇಳಿಯುವವರು ಇನ್ನೊಂದನ್ನು ಯೋಚಿಸಿ. ಡೈರಿಯವರು ಜಿಡ್ಡಿಗೂ ದುಡ್ಡು ಕೊಡುತ್ತಾರೆ, ಜಿಡ್ಡಲ್ಲದ ಘನಾಂಶಕ್ಕೂ ಕೊಡುತ್ತಾರೆ. ಬೆಣ್ಣೆ ಕೊಳ್ಳುವವರು ಜಿಡ್ಡಿಗಷ್ಟೇ ಕೊಡುತ್ತಾರೆ, ಉಳಿದದ್ದು ಮಜ್ಜಿಗೆಯಲ್ಲಿ ಹೋಗುತ್ತದೆ. ಮಜ್ಜಿಗೆ ಚೆಲ್ಲುವ ಮನೆಗೆ ಬೆಣ್ಣೆ ವ್ಯಾಪಾರ ಗಿಟ್ಟುವುದು ಕಷ್ಟ. ಮೈಸೂರು ಅರಸರ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದೇ ಹೆಸರಿತ್ತು. ಟಿಪ್ಪು ಅದನ್ನು ಅಮೃತಮಹಲ್ ಎಂದು ಬದಲಿಸಿದ. ಹಳೆಯ ಹೆಸರಿನಲ್ಲಿ ಬೆಣ್ಣೆ ಇದ್ದರೂ ಅಲ್ಲಿನ ಅಮೃತಮಹಲ್ ದನದ ತಳಿ ಹೆಸರಾಗಿದ್ದು ಎತ್ತುಗಳ ನಡಿಗೆಗೆ, ಹಾಲು ಕೊಡುವುದು ಕಡಿಮೆ. ಇಂಥ ನಾಡತಳಿ ಸಾಕಿದವರು ಬೆಣ್ಣೆಯ ಲೆಕ್ಕವನ್ನು ಮನೆಯ ಬಳಕೆಗೆ ಸಾಕು ಎಂದು ಇಟ್ಟುಕೊಳ್ಳುವುದೇ ಒಳ್ಳೆಯದು.

ಸಭೆಯಿಂದ ಬಂದ ಚೀಟಿಗಳಲ್ಲಿ ಎರಡನ್ನು ತೆಗೆದುಕೊಳ್ಳುತ್ತೇನೆ. ಎಮ್ಮೆಯ ಬೆಣ್ಣೆ ಬೆಳ್ಳಗೇಕೆ, ಸತ್ವ ಕಡಿಮೆಯೇ ಎಂದು ಒಬ್ಬರು ಕೇಳಿದ್ದಾರೆ. ಹಸು ಹುಲ್ಲಿನ ಹಳದಿ ಕ್ಯಾರೊಟಿನ್ ಅನ್ನು ಅಷ್ಟಿಷ್ಟು ಹಾಗೆಯೇ ಹಾಲಿಗೆ ಬಿಡುತ್ತದೆ. ಎಮ್ಮೆ ಅದನ್ನು ಬಹುಮಟ್ಟಿಗೆ ಎ ಜೀವಸತ್ವವಾಗಿ ಮಾರ್ಪಡಿಸಿಯೇ ಕೊಡುತ್ತದೆ, ಆ ಜೀವಸತ್ವಕ್ಕೆ ಹಳದಿ ಬಣ್ಣ ಇಲ್ಲ. ಪ್ಯಾಕೆಟ್ ಹಾಲಿನ ಮೊಸರು ಕಡೆದರೆ ಬೆಣ್ಣೆ ಬರುವುದಿಲ್ಲವಲ್ಲ ಎಂಬುದು ಇನ್ನೊಂದು. ಪ್ಯಾಕೆಟ್ಟಿನ ಮೇಲೆ ಹೋಮೋಜಿನೈಸ್ಡ್ ಎಂದು ಇದೆಯೇ ನೋಡಿ. ಅಂಥ ಹಾಲನ್ನು ಭಾರೀ ಒತ್ತಡದಲ್ಲಿ ಸಣ್ಣ ಕಿಂಡಿಯಿಂದ ನುಗ್ಗಿಸಿ ಜಿಡ್ಡಿನ ಗುಂಡುಗಳನ್ನು ಒಂದು ಮೈಕ್ರಾನಿಗಿಂತ ಸಣ್ಣಗೆ ಒಡೆದಿರುತ್ತಾರೆ, ಹಾಲಿನ ಪ್ರೋಟೀನು ಅವುಗಳನ್ನು ಹೊಸದಾಗಿ ಸುತ್ತಿಕೊಂಡಿರುತ್ತದೆ. ಕೆನೆಯೂ ಸರಿಯಾಗಿ ಕಟ್ಟುವುದಿಲ್ಲ, ಕಡೆದರೆ ಒಂದಕ್ಕೊಂದು ಅಂಟುವುದೂ ಇಲ್ಲ. ಆ ಹಾಲಿನಿಂದ ಕಾಫಿ ಮಾಡಿ, ಬೆಣ್ಣೆಗೆ ಹೋಮೋಜಿನೈಸ್ ಮಾಡದ ಹಾಲನ್ನೇ ಕೊಳ್ಳಿ.